ಡಯೋಡ್ ಕತ್ತರಿಸುವ ಮೊದಲು ಏರಿಯಲ್ ನೋಡಿ

ಮಳೆಗಾಲ ಬಂತೆಂದರೆ ನಮ್ಮ ಊರಿನವರು ಅಟ್ಟ ಹತ್ತುತ್ತಾರೆ. ಸೋರುವ ಹಂಚು ನೋಡಲು ಹೋದವರಿಗೆ ಅಲ್ಲಿ ಮಾವನ ಪೆಟ್ಟಿಗೆಯೋ ಅಪ್ಪನ ಟ್ರಂಕೋ ಸಿಗುತ್ತದೆ. ಅದರೊಳಗೆ ಒಂದು ರೇಡಿಯೋ. ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇಂಥ ಸೆಟ್‌ಗಳದ್ದೇ ವಿಷಯ, ಅದರಲ್ಲೂ ಸ್ಕ್ಯಾನರ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಾದಾ ರೇಡಿಯೋದಲ್ಲಿ ನಾವೇ ತಿರುಗಿಸಿ ಸ್ಟೇಷನ್ ಹುಡುಕುತ್ತೇವೆ. ಸ್ಕ್ಯಾನರ್ ತಾನೇ ಹುಡುಕುತ್ತದೆ. ನಾವು ತುಂಬಿಸಿಟ್ಟ ಚಾನೆಲ್‌ಗಳ ಮೇಲೆ ಒಂದೊಂದಾಗಿ ಹಾರುತ್ತ ಹೋಗಿ, ಯಾರಾದರೂ ಮಾತಾಡುವ ಜಾಗದಲ್ಲಿ ನಿಲ್ಲುತ್ತದೆ. ಮಾತು ಮುಗಿದರೆ ಮುಂದೆ ಹೊರಟಿತು.

ನಾನು ಮಲ್ಪೆಯಲ್ಲಿ 28 ವರ್ಷ ಬೋಟಿನ ವೈರ್‌ಲೆಸ್ಸು, ಫಿಶ್ ಫೈಂಡರ್ ರಿಪೇರಿ ಮಾಡಿದವನು. ಈಗ ಕಣ್ಣು ಸ್ವಲ್ಪ ಮಂದ. ಕೈ ಮಾತ್ರ ಇನ್ನೂ ನಡುಗುವುದಿಲ್ಲ. ಉಡುಪಿಯ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಮೇಜು ಉಂಟು, ಈ ಉತ್ತರಗಳೆಲ್ಲ ಅಲ್ಲಿ ಕೂತು ಬರೆದವು.

ಪ್ರಶ್ನೆ: ತೀರಿಹೋದ ನನ್ನ ಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. 1980ರ ದಶಕದ ಕೊನೆಗೆ ಅವರು ಅಮೆರಿಕದಿಂದ ತಂದ ರಿಯಲಿಸ್ಟಿಕ್ ಪ್ರೊ-2004 ಸ್ಕ್ಯಾನರ್ ಈಗ ನನ್ನ ಕೈಗೆ ಬಂದಿದೆ. ಒಳಗಿನ ಒಂದು ಡಯೋಡ್ ಕತ್ತರಿಸಿದರೆ ಮುಚ್ಚಿಟ್ಟ ಬ್ಯಾಂಡ್ ತೆರೆದುಕೊಳ್ಳುತ್ತದೆ, ಮೊಬೈಲ್ ಮಾತು ಕೂಡ ಕೇಳುತ್ತದೆ ಅಂತ ಗೆಳೆಯ ಹೇಳುತ್ತಾನೆ. ಮನೆಯಲ್ಲೇ ಮಾಡಬಹುದಾ ಸರ್?
– ಬಿಜೈ, ಮಂಗಳೂರು

ಉತ್ತರ: ಮೊದಲು ಇದು ಹೇಳಿ, ಅದನ್ನು ಪ್ಲಗ್ಗಿಗೆ ಹಾಕಿದ್ದೀರಾ? ಹಾಕಿಲ್ಲದಿದ್ದರೆ ಹಾಕಬೇಡಿ. ಅಮೆರಿಕದ ಸೆಟ್ 120 ವೋಲ್ಟಿನದು. ನಮ್ಮ ಗೋಡೆಯಲ್ಲಿ ಬರುವುದು 230. ಎರಡು ಪಿನ್ನಿನ ಚಪ್ಪಟೆ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಒತ್ತಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಪಿನ್ ಬದಲಾಯಿಸಿದರೆ ವೋಲ್ಟೇಜ್ ಬದಲಾಗುವುದಿಲ್ಲ ಮಾರಾಯ್ರೆ. ಗಲ್ಫಿನಿಂದ, ಅಮೆರಿಕದಿಂದ ಬಂದ ಎಷ್ಟೋ ಸೆಟ್‌ಗಳು ನನ್ನ ಮೇಜಿಗೆ ಬಂದದ್ದು ಸುಟ್ಟ ವಾಸನೆಯ ಜೊತೆಗೇ. 230ರಿಂದ 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಇಲ್ಲವಾದರೆ ಸೆಟ್ಟಿನ ಹಿಂದೆ 13.8 ವೋಲ್ಟಿನ ಡಿಸಿ ಸಾಕೆಟ್ ಇರುತ್ತದೆ, ಅದಕ್ಕೆ ಕೊಡಬೇಕು. ಪ್ಲಸ್ಸು ಎಲ್ಲಿ, ಮೈನಸ್ಸು ಎಲ್ಲಿ ಅಂತ ಅಲ್ಲೇ ಅಚ್ಚಾಗಿರುವುದನ್ನು ಎರಡು ಸಲ ನೋಡಿ.

ಇನ್ನು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಸಾಮಾನು, ಅದರ ವಿಷಯ. ನಿಮ್ಮ ಗೆಳೆಯ ಸುಳ್ಳು ಹೇಳಿಲ್ಲ. ಆದರೆ ಅದು ಬೇರೆ ದೇಶದ, ಬೇರೆ ಕಾಲದ ಕತೆ.

ಪ್ರೊ-2004 ಆಗಿನ ಕಾಲಕ್ಕೆ ದೊಡ್ಡ ಸೆಟ್ಟೇ. 300 ಚಾನೆಲ್. 25ರಿಂದ 520 ಮೆಗಾಹರ್ಟ್ಸ್, ಮತ್ತೆ 760ರಿಂದ 1300. ಈ ಎರಡನೇ ತುಂಡಿನೊಳಗೆ ಅಮೆರಿಕದ ಆಗಿನ ಸೆಲ್ಯುಲಾರ್ ಫೋನುಗಳು ಬರುತ್ತಿದ್ದವು. ಅವು ಅನಲಾಗ್ ಫೋನುಗಳು. ಸಾದಾ ಎಫ್‌ಎಂ ವಾಕಿಟಾಕಿಯ ಹಾಗೆ, ಯಾರು ಟ್ಯೂನ್ ಮಾಡಿದರೂ ಕೇಳುತ್ತಿತ್ತು. 1986ರಲ್ಲಿ ಅಲ್ಲಿ ಒಂದು ಕಾನೂನು ಬಂತು, ಸೆಲ್ ಫೋನಿನ ಮಾತು ಕದ್ದು ಕೇಳುವುದು ಅಪರಾಧ ಅಂತ. ತಯಾರಕರು ಅಷ್ಟು ಭಾಗವನ್ನು ಮುಚ್ಚಿ ಸೆಟ್ ಮಾರಿದರು. ಮುಚ್ಚಿದ್ದು ಹೇಗೆ ಗೊತ್ತುಂಟಾ? ಒಂದು ಸಣ್ಣ ಡಯೋಡಿನಿಂದ. ಬೋರ್ಡಿನ ಮೇಲೆ ಡಿ-513 ಅಂತ ಅದರ ಹೆಸರು.

ಕಾರಣ ಸರಳ. ಕಾರ್ಖಾನೆಯವರು ಒಂದೇ ಬೋರ್ಡು ಮಾಡಿ ಬೇರೆ ಬೇರೆ ದೇಶಕ್ಕೆ ಕಳಿಸುತ್ತಾರೆ. ಯಾವ ದೇಶಕ್ಕೆ ಯಾವ ಬ್ಯಾಂಡು ಅಂತ ಒಳಗಿನ ಪ್ರೊಸೆಸರ್‌ಗೆ ತಿಳಿಸಬೇಕಲ್ವಾ? ಅದಕ್ಕೆ ಕೆಲವು ಜಾಗದಲ್ಲಿ ಡಯೋಡ್ ಹಾಕುತ್ತಾರೆ, ಕೆಲವು ಕಡೆ ಖಾಲಿ ಬಿಡುತ್ತಾರೆ. ಸೆಟ್ ಎಚ್ಚರವಾಗುವಾಗ ಪ್ರೊಸೆಸರ್ ಒಮ್ಮೆ ಹಾಜರಿ ಕರೆಯುತ್ತದೆ. ಯಾರು ಇದ್ದಾರೆ, ಯಾರು ಇಲ್ಲ ಅಂತ ನೋಡಿಕೊಂಡು ತನ್ನ ನಡತೆ ನಿರ್ಧರಿಸುತ್ತದೆ. ಡಿ-513 ಗೈರುಹಾಜರಾದರೆ ಬಾಗಿಲು ತೆರೆಯಿತು. ಇನ್ನೊಂದು ಖಾಲಿ ಜಾಗಕ್ಕೆ ಡಯೋಡ್ ಹಾಕಿದರೆ 300 ಚಾನೆಲ್ 400 ಆಗುತ್ತಿತ್ತು. ಒಂದು ರೂಪಾಯಿಯ ಸಾಮಾನಿಗೆ 100 ಚಾನೆಲ್! ಆಗ ಅಲ್ಲಿನ ಹವ್ಯಾಸಿಗಳು ಹುಚ್ಚು ಹಿಡಿದ ಹಾಗೆ ಸೆಟ್ ಬಿಚ್ಚಿದ್ದರಲ್ಲಿ ಆಶ್ಚರ್ಯ ಇಲ್ಲ. ಕೊನೆಗೆ 1994ರಿಂದ ಅಮೆರಿಕದಲ್ಲಿ ಸೆಲ್ಯುಲಾರ್ ಬ್ಯಾಂಡ್ ಹಿಡಿಯುವ ಸ್ಕ್ಯಾನರ್ ತಯಾರಿಸುವುದನ್ನೇ ನಿಲ್ಲಿಸಿದರು.

ಈಗ ನಮ್ಮ ಕಡೆಗೆ ಬನ್ನಿ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ. ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖ್‌ರಾಮ್ ಅವರಿಗೆ ಮಾಡಿದ್ದು. ಆ ಜಾಲ ಮೊದಲ ದಿನದಿಂದಲೇ ಜಿಎಸ್‌ಎಂ, ಅಂದರೆ ಡಿಜಿಟಲ್. ಮಾತು ಅಂಕಿಗಳಾಗಿ, ಅದೂ ಬೀಗ ಹಾಕಿಕೊಂಡು ಹೋಗುತ್ತದೆ. ಪ್ರೊ-2004ಕ್ಕೆ ಅದು ಬರೀ ಗುರ್ ಅನ್ನುವ ಸದ್ದು. ನೀವು ಮಂಗಳೂರಿನಲ್ಲಿ ಕೂತು ಡಿ-513 ಕತ್ತರಿಸಿದರೆ ಸಿಗುವುದು ಆ ಗುರ್ ಮಾತ್ರ. ಅಮೆರಿಕದಲ್ಲೂ 2008ರ ನಂತರ ಅನಲಾಗ್ ಸೆಲ್ ಜಾಲವನ್ನು ನಡೆಸಲೇಬೇಕೆಂಬ ನಿಯಮ ಹೋಯಿತು, ಕಂಪನಿಗಳು ಮುಚ್ಚಿಬಿಟ್ಟವು. ಬಾಗಿಲು ಒಡೆದು ಒಳಗೆ ಹೋದರೆ ಮನೆಯೇ ಖಾಲಿ.

ಕತ್ತರಿಸುವುದರ ಬಗ್ಗೆ ನನ್ನದೇ ಒಂದು ಕತೆ ಹೇಳುತ್ತೇನೆ. 1990ರ ದಶಕದಲ್ಲಿ ಗಲ್ಫಿನಿಂದ ಬಂದ ಒಬ್ಬರು ಇನ್ಯಾವುದೋ ಸ್ಕ್ಯಾನರ್ ತಂದುಕೊಟ್ಟರು. ಜೊತೆಗೆ ಕೈಯಲ್ಲಿ ಬರೆದ ಒಂದು ಚೀಟಿ: ಎಡದಿಂದ ಮೂರನೇ ಡಯೋಡ್ ತೆಗೆಯಿರಿ. ನಾನು ಬೋರ್ಡನ್ನು ತಿರುಗಿಸಿ ಹಿಡಿದಿದ್ದೆ. ನನ್ನ ಎಡ ಅವರ ಬಲ! ಕಟ್ ಅಂತ ಕತ್ತರಿಸಿದೆ. ಆಮೇಲೆ ಆ ಸೆಟ್ ಸ್ಟೇಷನ್ ಹುಡುಕುವಾಗ 5 ಕಿಲೋಹರ್ಟ್ಸಿನ ಸಣ್ಣ ಹೆಜ್ಜೆಯಲ್ಲಿ ನಡೆಯುವುದನ್ನೇ ಮರೆಯಿತು. ವಾಪಸ್ ಬೆಸುಗೆ ಹಾಕಲು ಹೋದರೆ ನನ್ನ ದಪ್ಪ ಐರನ್ನಿನ ಬಿಸಿಗೆ ಬೋರ್ಡಿನ ತಾಮ್ರದ ಗೆರೆ ಎದ್ದು ಬಂತು. ಕೂದಲಿನಂಥ ತಂತಿ ಹಾಕಿ ಜೋಡಿಸುವಾಗ ರಾತ್ರಿ ಎರಡು ಗಂಟೆ. ಹಣ ಕೇಳಲು ಬಾಯಿ ಬರಲಿಲ್ಲ. ಅಂದಿನಿಂದ ನಾನು ಯಾವ ಡಯೋಡನ್ನೂ ಕತ್ತರಿಸಿದ್ದಿಲ್ಲ. ಒಂದು ಕಾಲು ಮಾತ್ರ ಬಿಡಿಸಿ ಎತ್ತಿ ನಿಲ್ಲಿಸುತ್ತೇನೆ. ತಪ್ಪಾದರೆ ಮತ್ತೆ ಮಲಗಿಸಬಹುದು. ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಫೋಟೋ ತೆಗೆಯಿರಿ, ಆಗ ನನಗೆ ಆ ಅನುಕೂಲ ಇರಲಿಲ್ಲ.

ನೀವು ಈಗ ಮಾಡಬೇಕಾದದ್ದು ಬೇರೆ. ಆ ಸೆಟ್ಟಿನಲ್ಲಿ ಚಾನೆಲ್ ನೆನಪಿಟ್ಟುಕೊಳ್ಳಲು 9 ವೋಲ್ಟಿನ ಚೌಕದ ಬ್ಯಾಟರಿ ಇರುತ್ತದೆ. ಮಾವ ತೀರಿಕೊಂಡ ಮೇಲೆ ಅದನ್ನು ಯಾರೂ ತೆಗೆದಿರಲಿಕ್ಕಿಲ್ಲ. ನಮ್ಮ ಕರಾವಳಿಯ ಸೆಕೆಗೆ ಅದು ಒಡೆದು ಒಳಗೆ ಹರಿದಿರುತ್ತದೆ. ತೆಗೆಯಿರಿ, ಹಸಿರು ಕಿಲುಬು ಇದ್ದರೆ ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸ್ವಲ್ಪ ವಿನೆಗರ್ ಹಾಕಿ ಉಜ್ಜಿ, ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ.

ಕಾನೂನನ್ನೂ ಹೇಳಲೇಬೇಕು. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಇಂಥ ಸೆಟ್ ಬಳಸುವುದಕ್ಕಷ್ಟೇ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ಆ ಮಾತು ಉಂಟು. ಪೋಸ್ಟಾಫೀಸಿಗೆ ಹೋಗಿ ಮನೆಯ ರೇಡಿಯೋಕ್ಕೆ ಲೈಸೆನ್ಸ್ ಕಟ್ಟುತ್ತಿದ್ದ ದಿನಗಳು ನನ್ನ ವಯಸ್ಸಿನವರಿಗೆ ನೆನಪಿರಬೇಕು. ಅದು 1980ರ ದಶಕದಲ್ಲಿ ಹೋಯಿತು, ಆದರೆ ಆ ವಿನಾಯಿತಿ ಆಕಾಶವಾಣಿ ಕೇಳುವ ರೇಡಿಯೋಕ್ಕೆ. ಸ್ಕ್ಯಾನರ್‌ಗೆ ಅಲ್ಲ. ಮಂಗಳೂರಿನಲ್ಲೇ ಕೇಂದ್ರ ಸರಕಾರದ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಉಂಟು. ಅಲ್ಲಿ ವಿಚಾರಿಸಿ, ಮಾವನ ಸೆಟ್ಟಿನ ವಿಷಯ ಇದ್ದ ಹಾಗೆ ಹೇಳಿ. ಅಲ್ಲಿಯವರೆಗೆ ಅದು ಬಟ್ಟೆ ಹೊದ್ದುಕೊಂಡು ಕಪಾಟಿನಲ್ಲಿರಲಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಒಂದು ಸಣ್ಣ ಚೀನಾ ರೇಡಿಯೋದಲ್ಲಿ ‘ಏರ್’ ಅಂತ ಒಂದು ಬ್ಯಾಂಡ್ ಇದೆ. 121.7ರ ಹತ್ತಿರ ತಿರುಗಿಸಿದರೆ ಒಡಕು ದನಿಯಲ್ಲಿ ತಾಳಮದ್ದಳೆ ಕೇಳುತ್ತದೆ! ಬಜಪೆ ವಿಮಾನ ನಿಲ್ದಾಣದವರು ಯಕ್ಷಗಾನ ಹಾಕುತ್ತಾರಾ?
– ಕದ್ರಿ ಕಂಬಳ, ಮಂಗಳೂರು

ಉತ್ತರ: ಹಾಕಿದರೆ ಪೈಲಟ್‌ಗಳಿಗೂ ಖುಷಿಯಾದೀತು. ಆದರೆ ಅಲ್ಲ. ನೀವು ಕೇಳಿದ್ದು ಆಕಾಶವಾಣಿ ಮಂಗಳೂರು, 100.3. ನಿಮ್ಮ ಮನೆ ಕದ್ರಿ ಗುಡ್ಡದ ಬುಡದಲ್ಲೇ ಇದೆ, ಗೋಪುರ ನೆತ್ತಿಯ ಮೇಲೆ.

ಇದರ ಲೆಕ್ಕ ಬಹಳ ಚಂದ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಇಂಥ ರೇಡಿಯೋ ನೀವು ತಿರುಗಿಸಿದ ಅಲೆಯನ್ನು ನೇರವಾಗಿ ಕೇಳುವುದಿಲ್ಲ. ತನ್ನೊಳಗೆ ತಾನೇ ಒಂದು ಅಲೆ ಹುಟ್ಟಿಸಿ, ಎರಡರ ವ್ಯತ್ಯಾಸವನ್ನು ಹಿಡಿಯುತ್ತದೆ. ಆ ವ್ಯತ್ಯಾಸ ಸಾಮಾನ್ಯವಾಗಿ 10.7 ಮೆಗಾಹರ್ಟ್ಸ್. ನೀವು 121.7ಕ್ಕೆ ಇಟ್ಟಾಗ ಒಳಗೆ ಹುಟ್ಟಿದ್ದು 111.0. ಕಳೆದು ನೋಡಿ, 10.7 ಬಂತು. ಈಗ 111.0ರಿಂದ 100.3 ಕಳೆಯಿರಿ. ಮತ್ತೆ 10.7! ರೇಡಿಯೋಕ್ಕೆ ಮೇಲಿನದು ಯಾವುದು, ಕೆಳಗಿನದು ಯಾವುದು ಗೊತ್ತಾಗುವುದಿಲ್ಲ. ಎರಡೂ ಒಂದೇ ಮುಖದ ಅವಳಿಗಳು. ಒಳ್ಳೆ ಸೆಟ್ಟಿನಲ್ಲಿ ಬಾಗಿಲಲ್ಲೇ ಒಂದು ಫಿಲ್ಟರ್ ನಿಂತು ಬೇಡದವನನ್ನು ತಡೆಯುತ್ತದೆ. ಅಗ್ಗದ ಸೆಟ್ಟಿನಲ್ಲಿ ಕಾವಲುಗಾರನಿಗೆ ನಿದ್ದೆ. ದನಿ ಒಡಕಾಗಿ ಬಂದದ್ದು ಯಾಕೆಂದರೆ ವಿಮಾನದ ಬ್ಯಾಂಡು ಎಎಂ, ಈ ಆಕಾಶವಾಣಿ ಎಫ್‌ಎಂ, ಅಲೆಯ ಮೇಲೆ ದನಿ ಹೇರುವ ಎರಡು ಬೇರೆ ರೀತಿ. ಭಾಗವತರ ಪದ್ಯವನ್ನು ತಪ್ಪು ಕಿವಿಯಿಂದ ಕೇಳಿದ ಹಾಗೆ.

ಸೆಟ್ ಕೆಟ್ಟಿಲ್ಲ. ಏರಿಯಲ್ ಕಡ್ಡಿಯನ್ನು ಅರ್ಧ ಮಡಚಿ, ಆ ಭೂತ ಓಡುತ್ತದೆ. ಹೊರಗಿನ ಏರಿಯಲ್ ಸಾಕೆಟ್ ಇರುವ ಸೆಟ್‌ನವರಿಗೆ ಇನ್ನೊಂದು ಉಪಾಯ ಉಂಟು. ಏರಿಯಲ್ ಬಂದು ಸೇರುವ ಜಾಗದಲ್ಲಿ ಒಂದು ಟಿ ಕನೆಕ್ಟರ್ ಹಾಕಿ, ಅದರ ಮೂರನೇ ಬಾಯಿಗೆ ಆರ್‌ಜಿ-58 ಅನ್ನುವ ಏರಿಯಲ್ ಕೇಬಲಿನ ತುಂಡು ಸಿಕ್ಕಿಸಿ. ಉದ್ದ 49 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಆಚೆ ತುದಿ ಏನನ್ನೂ ಮುಟ್ಟದೆ ತೆರೆದೇ ಇರಬೇಕು. 100.3ರ ಅಲೆಗೆ ಆ ತುಂಡು ಶಾರ್ಟ್ ಆದ ಹಾಗೆ ಕಾಣುತ್ತದೆ, ಅಲ್ಲೇ ಸಾಯುತ್ತದೆ. ಕತ್ತರಿಯಿಂದ ಒಂದೆರಡು ಮಿಲಿಮೀಟರ್ ಕತ್ತರಿಸುತ್ತ, ತಾಳಮದ್ದಳೆ ಸಣ್ಣಗಾಗುವುದನ್ನು ಕೇಳುತ್ತ ಬನ್ನಿ. ಜಾಸ್ತಿ ಕತ್ತರಿಸಿದರೆ ಹೊಸ ತುಂಡು, ಅಷ್ಟೇ.

ವಿಮಾನದ ಮಾತು ಕೇಳುವುದಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ಆ ಬ್ಯಾಂಡು ನಮಗಾಗಿ ಮಾತಾಡುವವರದ್ದಲ್ಲ. ತಾಳಮದ್ದಳೆಯನ್ನು 100.3ರಲ್ಲೇ ಕೇಳಿ, ಪದ್ಯ ಪೂರ್ತಿ ಸಿಗುತ್ತದೆ.

ಪ್ರಶ್ನೆ: ಪೊಲೀಸ್ ವೈರ್‌ಲೆಸ್ ಯಾವ ಚಾನೆಲ್‌ನಲ್ಲಿ ಬರುತ್ತದೆ? ಪ್ರೋಗ್ರಾಂ ಮಾಡುವುದು ಹೇಗೆ?
– ಹೆಸರು, ಊರು ಬರೆದಿಲ್ಲ

ಉತ್ತರ: ಹೆಸರು ಬರೆಯದಿದ್ದಾಗಲೇ ನಿಮಗೆ ಉತ್ತರ ಗೊತ್ತಿತ್ತು ಅಂತಾಯಿತು.

ಪ್ರಶ್ನೆ: ನಮ್ಮದು ಟ್ರಾಲ್ ಬೋಟು. ಬೋಟಿನಿಂದ ಬೋಟಿಗೆ ಮಾತಾಡುವ ವಿಎಚ್‌ಎಫ್ ಸೆಟ್ಟಿನಲ್ಲಿ ಮೊದಲು ದೂರದ ಬೋಟಿನವರು ಚೆನ್ನಾಗಿ ಕೇಳುತ್ತಿದ್ದರು. ಈಗ ಹತ್ತಿರದವರೂ ಬರುವುದಿಲ್ಲ, ಬರೀ ಗರಗರ. ಸೆಟ್ ಬಿಚ್ಚಿ ಪವರ್ ಹೆಚ್ಚು ಮಾಡಿಸಬಹುದಾ ಅಂತ ಬೋಟು ನಡೆಸುವ ನಮ್ಮ ತಂಡೇಲ ಕೇಳುತ್ತಾರೆ.
– ಮಲ್ಪೆ

ಉತ್ತರ: ಇದು ನನ್ನ ಊಟದ ಪ್ರಶ್ನೆ. 28 ವರ್ಷ ಇದೇ ತಿಂದಿದ್ದೇನೆ.

ಪವರ್ ಹೆಚ್ಚು ಮಾಡುವ ಮಾತು ಬಿಡಿ. ಬೋಟಿನ ಸೆಟ್ 25 ವ್ಯಾಟಿನದು, ಅಷ್ಟೇ ಇರಬೇಕು. ನಿಮ್ಮ ಕಾಯಿಲೆ ಕೇಳುವುದರಲ್ಲಿ, ಹೇಳುವುದರಲ್ಲಲ್ಲ. ಹತ್ತು ಬೋಟು ತಂದರೆ ಎಂಟರಲ್ಲಿ ಸೆಟ್ಟಿಗೆ ಏನೂ ಆಗಿರುತ್ತಿರಲಿಲ್ಲ. ಮಾಸ್ತಿನ ಮೇಲಿನ ಏರಿಯಲ್ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಹಿತ್ತಾಳೆಯನ್ನು ಉಪ್ಪು ತಿಂದಿರುತ್ತದೆ. ಅಲ್ಲಿಂದ ನೀರು ಕೇಬಲ್ಲಿನೊಳಗೆ ಇಳಿಯುತ್ತದೆ, ದೀಪದ ಬತ್ತಿ ಎಣ್ಣೆ ಕುಡಿದ ಹಾಗೆ. ಕೇಬಲ್ ತುದಿಯನ್ನು ಒಂದು ಗೇಣು ಸೀಳಿ ನೋಡಿ. ಒಳಗಿನ ತಾಮ್ರದ ಜಾಲರಿ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ ಇಡೀ ಕೇಬಲ್ ಹೊಸದು ಹಾಕಿ. ಕಪ್ಪು ಭಾಗ ಮಾತ್ರ ಕತ್ತರಿಸಿ ಜೋಡಿಸುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿ ಬೈಗುಳ ತಿಂದವನು.

ಹೊಸ ಕನೆಕ್ಟರ್ ಹಾಕಿದ ಮೇಲೆ, ಎಳೆದು ಸುತ್ತಿದರೆ ತನಗೆ ತಾನೇ ಅಂಟಿ ಒಂದಾಗುವ ರಬ್ಬರ್ ಟೇಪ್ ಸಿಗುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮನೆಗೆ ಹಂಚು ಹೊದಿಸಿದ ಹಾಗೆ. ಅದರ ಮೇಲೆ ಸಾದಾ ಕಪ್ಪು ಟೇಪ್. ಕ್ಯಾಬಿನ್ನಿನ ಒಳಗೆ ಹೋಗುವ ಮೊದಲು ಕೇಬಲ್ಲಿಗೆ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ.

ಇನ್ನು ಗರಗರ. ದಕ್ಕೆಯಲ್ಲಿ ನಿಂತಾಗಲೇ ಪರೀಕ್ಷೆ ಮಾಡಿ. ಎಂಜಿನ್ ನಿಲ್ಲಿಸಿ ಕೇಳಿ. ಆಮೇಲೆ ಎಲ್‌ಇಡಿ ದೀಪ, ಇನ್‌ವರ್ಟರ್, ಮೊಬೈಲ್ ಚಾರ್ಜರ್ ಒಂದೊಂದಾಗಿ ಆರಿಸಿ. ಯಾವುದು ಆರಿದಾಗ ಸೆಟ್ ಉಸಿರು ಬಿಡುತ್ತದೋ ಅದೇ ಕಳ್ಳ. ಮುಕ್ಕಾಲು ಪಾಲು ಅಗ್ಗದ ಎಲ್‌ಇಡಿಯ ಡ್ರೈವರೇ ಆಗಿರುತ್ತದೆ. ಅದರ ವೈರನ್ನು ಏರಿಯಲ್ ಕೇಬಲ್ಲಿನಿಂದ ದೂರ ಎಳೆಯಿರಿ, ವೈರಿನ ಮೇಲೆ ಗಲಾಟೆ ನುಂಗುವ ಫೆರೈಟ್ ಉಂಗುರ ಹಾಕಿ. ಅಷ್ಟಕ್ಕೂ ಹೋಗದಿದ್ದರೆ ದೀಪವನ್ನೇ ಬದಲಾಯಿಸಿ.

ದೂರದ ಲೆಕ್ಕವನ್ನೂ ತಂಡೇಲರಿಗೆ ಹೇಳಿ. ವಿಎಚ್‌ಎಫ್ ಅಲೆ ಕಣ್ಣಿನ ನೋಟದ ಹಾಗೆ, ದಿಗಂತ ದಾಟಿ ಜಾಸ್ತಿ ಹೋಗುವುದಿಲ್ಲ. ಎರಡೂ ಏರಿಯಲ್‌ಗಳ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ನಿಮ್ಮ ಏರಿಯಲ್ 6 ಮೀಟರ್, ದಡದ ಗೋಪುರ 30 ಮೀಟರ್ ಆದರೆ ಸುಮಾರು 33 ಕಿಲೋಮೀಟರ್. ಎರಡೂ 6 ಮೀಟರಿನ ಬೋಟುಗಳೇ ಆದರೆ 20. ಪವರ್ ಎರಡು ಪಟ್ಟು ಮಾಡುವುದಕ್ಕಿಂತ ಏರಿಯಲ್ಲನ್ನು ಎರಡು ಮೀಟರ್ ಮೇಲಕ್ಕೆ ಏರಿಸುವುದು ಲಾಭ. ಮಳೆ ಮುಗಿದು ಕಡಲು ಮಲಗಿದ ಮೇಲೆ ಕೆಲವು ರಾತ್ರಿ ಈ ಲೆಕ್ಕ ಸುಳ್ಳಾಗುತ್ತದೆ, ಕಣ್ಣೂರಿನ 101.5 ಎಫ್‌ಎಂ ಉಡುಪಿಯ ಮನೆಯೊಳಗೆ ಪಕ್ಕದ ಮನೆಯವರ ಹಾಗೆ ಮಾತಾಡುತ್ತದೆ. ನೀರಿನ ಮೇಲಿನ ಬೆಚ್ಚಗಿನ ಗಾಳಿಯ ಪದರ ಅಲೆಯನ್ನು ಬಗ್ಗಿಸಿ ತರುವುದು. ಅದು ಪ್ರಕೃತಿ ಕೊಡುವ ಬೋನಸ್ಸು, ಅದನ್ನು ನಂಬಿ ಬೋಟು ಬಿಡಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ ಅಲ್ವಾ? ಬಲೆ ನೇಯುವ ಆ ದಿನಗಳಲ್ಲೇ ಏರಿಯಲ್ಲನ್ನೂ ಇಳಿಸಿ ನೋಡಿ. ಆಗಸ್ಟಿನಲ್ಲಿ ಹೊರಡುವ ಹಿಂದಿನ ಸಂಜೆ ಸೆಟ್ ಹಿಡಿದುಕೊಂಡು ಓಡಿ ಬರುವವರನ್ನು ಕಂಡು ಕಂಡು ನನ್ನ ಅರ್ಧ ಕೂದಲು ಹೋಗಿದೆ. ಮತ್ತೆ, 16ನೇ ಚಾನೆಲ್, ಅಂದರೆ 156.8, ಅಪಾಯದಲ್ಲಿ ಕೂಗುವುದಕ್ಕೆ. ಅಲ್ಲಿ ‘ಹಲೋ ಹಲೋ ಕೇಳುತ್ತದಾ’ ಅಂತ ಸುಮ್ನೆ ಟೆಸ್ಟ್ ಮಾಡಬೇಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದ ಲೈಸೆನ್ಸ್ ಇದೆ. ನಮ್ಮ ಕಾಲೇಜಿನ ಹ್ಯಾಮ್ ಕ್ಲಬ್ಬಿನಲ್ಲಿ ಅನುಮತಿ ಇರುವ ಒಂದು ಯುನಿಡೆನ್ ಬಿಸಿ125ಎಟಿ ಸ್ಕ್ಯಾನರ್ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕೇಳಬೇಕು ಅಂತ 145.800 ಹಾಕಿದೆವು. ಕಂಪ್ಯೂಟರ್‌ಗೆ ಜೋಡಿಸಿದರೆ ಸೆಟ್ ಕಾಣಿಸುವುದೇ ಇಲ್ಲ. ಕೈಯಲ್ಲೇ ಪ್ರೋಗ್ರಾಂ ಮಾಡಿದರೆ ಸ್ಕ್ಯಾನ್ ಒಂದೇ ಚಾನೆಲ್ಲಿನಲ್ಲಿ ನಿಂತುಬಿಡುತ್ತದೆ. ಇಯರ್‌ಫೋನ್ ಸಾಕೆಟ್ಟಿನಿಂದ 9600 ಬಾಡ್ ವೇಗದಲ್ಲಿ ಬರುವ ಡೇಟಾ ಡಿಕೋಡ್ ಆಗುವುದಿಲ್ಲ. ಎಲ್ಲಿ ತಪ್ಪಿದೆ?
– ಮಣಿಪಾಲ

ಉತ್ತರ: ಮಗಾ, ಒಂದೇ ಉಸಿರಿಗೆ ಮೂರು ರೋಗ ಹೇಳಿದ್ದೀಯ. ಒಂದೊಂದಾಗಿ ನೋಡೋಣ.

ಕಂಪ್ಯೂಟರ್‌ಗೆ ಕಾಣಿಸದ್ದು ವೈರಿನ ತಪ್ಪು ಇರಬೇಕು. ಆ ಸೆಟ್ಟಿಗೆ ಬೇಕಾದದ್ದು ಹಳೆ ಮಿನಿ ಯುಎಸ್‌ಬಿ. ಯಾವುದೋ ಡ್ರಾಯರಿನಿಂದ ತೆಗೆದ ವೈರಿನಲ್ಲಿ ಚಾರ್ಜಿನ ಎರಡು ತಂತಿ ಮಾತ್ರ ಇರುತ್ತದೆ, ಡೇಟಾದ ಎರಡು ಇರುವುದೇ ಇಲ್ಲ. ಸೆಟ್ ಚಾರ್ಜ್ ಆಗುತ್ತದೆ, ಮಾತಾಡುವುದಿಲ್ಲ. ನನ್ನ ಮೊಮ್ಮಗ ಒಂದು ಭಾನುವಾರ ಪೂರ್ತಿ ಡ್ರೈವರ್ ಇಳಿಸಿಕೊಂಡು ಕೂತಿದ್ದ. ಸಂಜೆ ಬೇರೆ ವೈರ್ ಕೊಟ್ಟೆ, ಕೆಲಸ ಮುಗಿಯಿತು.

ಸ್ಕ್ಯಾನ್ ನಿಲ್ಲುವುದಕ್ಕೆ ಬೇರೆ ಕಾರಣ. ಪ್ರತಿಯೊಂದು ಸ್ಕ್ಯಾನರ್‌ನಲ್ಲಿ ತನ್ನೊಳಗಿನ ಗಡಿಯಾರಗಳೇ ಹುಟ್ಟಿಸುವ ಸದ್ದುಗಳು ಕೆಲವು ಜಾಗದಲ್ಲಿ ಇರುತ್ತವೆ. ಏರಿಯಲ್ ತೆಗೆದು ನೋಡು. ಆಗಲೂ ಅಲ್ಲೇ ನಿಂತರೆ ಅದು ಒಳಗಿನ ಸದ್ದು, ರೇಡಿಯೋದವರು ಅದನ್ನು ಹಕ್ಕಿ ಅನ್ನುತ್ತಾರೆ. ಆ ಚಾನೆಲ್ಲನ್ನು ಬಿಟ್ಟು ಹಾರುವ ಹಾಗೆ ಲಾಕ್‌ಔಟ್ ಹಾಕಿ ಮುಂದೆ ಹೋಗು. ಏರಿಯಲ್ ತೆಗೆದಾಗ ಓಡಿದರೆ ಹೊರಗಿನ ಗಲಾಟೆ, ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ಮೊದಲ ಸಂಶಯ. ಸಿಗ್ನಲ್ ಇಲ್ಲದಾಗಿನ ಸದ್ದನ್ನು ಮುಚ್ಚುವ ಸ್ಕ್ವೆಲ್ಚನ್ನು, ಸದ್ದು ಆಗಷ್ಟೇ ನಿಂತ ಜಾಗಕ್ಕಿಂತ ಕೂದಲೆಳೆ ಮುಂದೆ ಇಡು. ಜಾಸ್ತಿ ಬಿಗಿ ಮಾಡಿದರೆ ದುರ್ಬಲ ಸಿಗ್ನಲ್ ಒಳಗೆ ಬರುವುದೇ ಇಲ್ಲ. ನಿಲ್ದಾಣ ಬರುವುದು ದುರ್ಬಲವಾಗಿಯೇ.

500 ಚಾನೆಲ್, ಅವನ್ನು ಇಡಲು 10 ಬ್ಯಾಂಕು, ಅಂದರೆ ಖಾನೆ, ಇದೆ ಅಂತ ಎಲ್ಲ ತುಂಬಿಸಬೇಡ. ಮೊದಲು ನೋಟ್ ಪುಸ್ತಕದಲ್ಲಿ ಕೈಯಲ್ಲಿ ಬರೆ: ಆವರ್ತನ, ಎಎಂ ಅಥವಾ ಎಫ್‌ಎಂ, ಯಾವ ಬ್ಯಾಂಕು, ಯಾಕೆ ಹಾಕಿದ್ದು. ಈ ‘ಯಾಕೆ’ ಬಹಳ ಮುಖ್ಯ. ಆರು ತಿಂಗಳ ಮೇಲೆ ಯಾಕೆ ಅಂತ ನೆನಪಾಗದ ಚಾನೆಲ್ ಬೇಡದ್ದು. ಒಂದನೇ ಬ್ಯಾಂಕಿನಲ್ಲಿ ನಿಲ್ದಾಣದ 145.800 ಮತ್ತು 145.825 ಎರಡೇ ಇರಲಿ. ಎರಡನೆಯದರಲ್ಲಿ ನಮ್ಮ ಹ್ಯಾಮ್ ಬ್ಯಾಂಡು, 144ರಿಂದ 146. ಮೋಡ್ ಕೈಯಲ್ಲೇ ಎಫ್‌ಎಂ ಅಂತ ಇಡು, ಸೆಟ್ಟಿಗೆ ಬಿಡಬೇಡ.

ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಒಂದೂವರೆ ಗಂಟೆಗೆ ಒಂದು ಸುತ್ತು ಹೊಡೆಯುತ್ತದೆ. ನಮ್ಮ ತಲೆಯ ಮೇಲೆ ಸಿಗುವುದು ಜಾಸ್ತಿ ಅಂದರೆ ಹತ್ತು ನಿಮಿಷ. ವೇಗಕ್ಕೆ ಆವರ್ತನ ಮೂರೂವರೆ ಕಿಲೋಹರ್ಟ್ಸ್ ಆಚೀಚೆ ಜಾರುತ್ತದೆ. ರೈಲು ಬರುವಾಗ ಶಿಳ್ಳೆ ತೆಳ್ಳಗೆ, ಹೋಗುವಾಗ ದಪ್ಪ ಕೇಳುತ್ತದಲ್ಲ, ಅದೇ. ಈ ಬ್ಯಾಂಡಿನಲ್ಲಿ ಒಂದೇ ಚಾನೆಲ್ ಸಾಕು, ಎಫ್‌ಎಂ ಅಷ್ಟನ್ನು ಸಹಿಸುತ್ತದೆ. ಯಾವಾಗಲೂ ಮಾತು ಇರುವುದಿಲ್ಲ, ಕಾಯಬೇಕು. ಕೆಲವು ದಿನ ಚಿತ್ರ ಕಳಿಸುತ್ತಾರೆ, ಆಗ ಕೀಚು ಕೀಚು ಅಂತ ಸದ್ದು. ರೋಬೋಟ್36 ಅನ್ನುವ ಆ್ಯಪ್ ಹಾಕಿ ಫೋನನ್ನು ಸ್ಪೀಕರ್ ಹತ್ತಿರ ಹಿಡಿದರೆ ಗೆರೆ ಗೆರೆಯಾಗಿ ಚಿತ್ರ ಮೂಡುತ್ತದೆ.

ಸೆಟ್ಟಿನ ಜೊತೆ ಬಂದ ರಬ್ಬರ್ ಏರಿಯಲ್ ಇದಕ್ಕೆ ಸಾಲದು. ಹಿತ್ತಾಳೆಯ ವೆಲ್ಡಿಂಗ್ ಕಡ್ಡಿ ಐದು ತೆಗೆದುಕೋ. 75ನ್ನು ಮೆಗಾಹರ್ಟ್ಸಿನಿಂದ ಭಾಗಿಸಿ ಶೇಕಡಾ 5 ಕಳೆ, ಮೀಟರಿನಲ್ಲಿ ಉದ್ದ ಸಿಕ್ಕಿತು. 145.8ಕ್ಕೆ 49 ಸೆಂಟಿಮೀಟರ್. ಚೌಕದ ಏರಿಯಲ್ ಸಾಕೆಟ್ಟಿನ ನಡುವೆ ಒಂದು ಕಡ್ಡಿ ನೆಟ್ಟಗೆ, ನಾಲ್ಕು ಮೂಲೆಯ ತೂತಿಗೆ ನಾಲ್ಕು ಕಡ್ಡಿ 51 ಸೆಂಟಿಮೀಟರಿನವು, ಕೆಳಕ್ಕೆ ಬಗ್ಗಿಸಿ. ಕೊಡೆಯ ಕಡ್ಡಿ ಬೇಡ, ಒಂದು ಮಳೆಗಾಲಕ್ಕೆ ತುಕ್ಕು. ಕೇಬಲ್ ಟಿವಿಯವರ ಆರ್‌ಜಿ-6 ಕೇಳುವುದಕ್ಕೆ ಧಾರಾಳ ಸಾಕು. ಏಪ್ರಿಲ್, ಮೇ, ಮತ್ತೆ ಅಕ್ಟೋಬರಿನಲ್ಲಿ ಮೋಡ ಕಟ್ಟಿದ ಕೂಡಲೇ ಕೇಬಲ್ ಕಳಚಿ ಕಿಟಕಿಯ ಹೊರಗೆ ಎಸೆ. ಸಿಡಿಲು ಬಂದ ಮೇಲೆ ಕಳಚುವುದಲ್ಲ.

ಈಗ 9600. ಇಲ್ಲಿ ಮಾತ್ರ ಸೆಟ್ ಬಿಚ್ಚುವುದಕ್ಕೆ ನ್ಯಾಯವಾದ ಕಾರಣ ಉಂಟು. ಇಯರ್‌ಫೋನಿಗೆ ಬರುವ ಹೊತ್ತಿಗೆ ಸದ್ದು ಮನುಷ್ಯರ ಕಿವಿಗೆ ಹಿತವಾಗಲಿ ಅಂತ ತೀಡಿಸಿಕೊಂಡು ಬಂದಿರುತ್ತದೆ. ಮೇಲಿನ ಸ್ವರ ಇಳಿಸಿ, ತೀರಾ ಕೆಳಗಿನದ್ದನ್ನು ಕತ್ತರಿಸಿ. 145.825ರ 1200 ಬಾಡ್ ಪ್ಯಾಕೆಟ್ ಡೇಟಾ ಅದರಲ್ಲೂ ಬದುಕುತ್ತದೆ. ಹ್ಯಾಮ್ ಉಪಗ್ರಹಗಳ 9600 ಸಾಯುತ್ತದೆ. ಆದ್ದರಿಂದ ಎಫ್‌ಎಂ ಅಲೆಯಿಂದ ದನಿ ಬಿಡಿಸುವ ಐಸಿ, ಅಂದರೆ ಚಿಪ್, ಅದರ ಬಾಯಿಯಿಂದಲೇ ಸದ್ದನ್ನು ತೆಗೆಯಬೇಕು. ಹಳೆ ಸೆಟ್‌ಗಳಲ್ಲಿ ಎಂಸಿ3361, ಟಿಕೆ10420 ಅನ್ನುವ ಐಸಿಗಳು ಇರುತ್ತಿದ್ದವು, ಎರಡರಲ್ಲೂ 9ನೇ ಕಾಲು. ಅಲ್ಲಿಂದ 10 ಕಿಲೋ ಓಮ್ ರೆಸಿಸ್ಟರ್, ಆಮೇಲೆ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಆಮೇಲೆ ಸಣ್ಣ ಜ್ಯಾಕ್. ಕೆಲವರು 0.1 ಹಾಕುತ್ತಾರೆ, ಆಗ ಕೆಳಗಿನ ಸ್ವರ ಮತ್ತೆ ಹೋಗುತ್ತದೆ. ವೈರು ಶೀಲ್ಡ್ ಇರುವುದೇ ಬೇಕು.

ಆದರೆ ನಿನ್ನ ಕ್ಲಬ್ಬಿನ ಸೆಟ್ ಹೊಸ ಕಾಲದ್ದು, ಅಕ್ಕಿ ನುಚ್ಚಿನ ಹಾಗೆ ಸಣ್ಣ ಸಾಮಾನು. ಅದಕ್ಕೆ ಐರನ್ ಮುಟ್ಟಿಸಬೇಡ. ಪೇಟೆಯಲ್ಲಿ ಹಳೆ ಕೆಟ್ಟ ಸೆಟ್ ಸಿಕ್ಕಿದರೆ ಮೊದಲು ಅದರಲ್ಲಿ ಕೈ ಪಳಗಿಸು. ಇಲ್ಲವೇ ಆರ್‌ಟಿಎಲ್ ಡಾಂಗಲ್ ಉಂಟಲ್ಲ, ಟಿವಿ ನೋಡಲು ಮಾಡಿದ್ದು, 2012ರಲ್ಲಿ ಅದನ್ನು ಪೂರ್ತಿ ರೇಡಿಯೋ ಮಾಡಬಹುದು ಅಂತ ಗೊತ್ತಾಯಿತು. ಅದರಲ್ಲಿ ಕಂಪ್ಯೂಟರೇ ಎಫ್‌ಎಂ ಬಿಡಿಸುವುದು, ಬೆಸುಗೆಯ ಕೆಲಸವೇ ಇಲ್ಲ. ಅದಕ್ಕೂ ಕ್ಲಬ್ಬಿನ ಅನುಮತಿಯೊಳಗೇ ಜಾಗ ಮಾಡಿಸಿಕೋ. ಹೀಗೆ ಹೇಳಲು ರಿಪೇರಿಯವನಿಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ.

ಪ್ರಶ್ನೆ: ನಾನು ಶಾಲೆಯ ಟೀಚರ್. ಎಂಟನೇ ಕ್ಲಾಸಿನ ಮಗಳಿಗೆ ಹ್ಯಾಮ್ ರೇಡಿಯೋ ಹುಚ್ಚು. ಲೈಸೆನ್ಸಿಗೆ ವಯಸ್ಸು ಸಾಕಾ? ಚುಕ್ಕೆ ಗೆರೆಯ ಮೋರ್ಸ್ ಸಂಕೇತ ಕಲಿಯಲೇಬೇಕಾ?
– ಕಾರ್ಕಳ

ಉತ್ತರ: ಟೀಚರೇ, 12 ತುಂಬಿದರೆ ಸಾಕು. ದೂರಸಂಪರ್ಕ ಇಲಾಖೆಯವರು ಪರೀಕ್ಷೆ ಮಾಡುತ್ತಾರೆ, ಸ್ವಲ್ಪ ರೇಡಿಯೋ ಪಾಠ, ಸ್ವಲ್ಪ ನಿಯಮ. ಎರಡು ದರ್ಜೆ ಉಂಟು. ಕೆಳಗಿನದಕ್ಕೆ ಮೋರ್ಸ್ ಬೇಡ, ಕರೆ ಹೆಸರು ವಿಯು3 ಅಂತ ಶುರುವಾಗುತ್ತದೆ. ಮೇಲಿನದಕ್ಕೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬೇಕು, ಅವರು ವಿಯು2. ಮಗಳು ಮೊದಲು ವಿಯು3 ಮಾಡಲಿ.

ಮೋರ್ಸ್ ಕಲಿಯುವ ಆಸೆ ಇದ್ದರೆ ಚುಕ್ಕೆ ಗೆರೆಯ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ. ಕಣ್ಣಿನಿಂದ ಕಲಿತವರು ಕಿವಿಯಿಂದ ಕೇಳುವಾಗ ಎಡವುತ್ತಾರೆ. ಚೆಂಡೆಯ ಬಾಯಿತಾಳ ಕಲಿತ ಹಾಗೆ, ಡಿಡಾ, ಡಾಡಿಡಿಡಿ ಅಂತ ಬಾಯಲ್ಲಿ ಹೇಳಿಕೊಂಡೇ ಕಲಿಯಲಿ. ನನ್ನ ಹತ್ತಿರ ಹಡಗಿನಿಂದ ಬಂದ ಒಂದು ಹಿತ್ತಾಳೆಯ ಮೋರ್ಸ್ ಕೀ ಸುಮ್ನೆ ಕೂತಿದೆ. ಮಗಳನ್ನು ಕರೆದುಕೊಂಡು ಒಂದು ಶನಿವಾರ ಬನ್ನಿ, ಕೊಡುತ್ತೇನೆ. ಸ್ಪ್ರಿಂಗ್ ಸಡಿಲಾಗಿದೆ, ಬಾಲ್ ಪೆನ್ನಿನದ್ದು ಹಾಕಿದರೆ ಸರಿಯಾಗುತ್ತದೆ.